ದೇವದೂತನೇ ಹೇಳಿದರೂ

ಆ ಸಭೆ ಸೇರುತ್ತಿದ್ದದ್ದು ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೇಲೆ ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು, ಗೋಡೆಗೆ ಒರಗಿಸಿಟ್ಟ ದೊಡ್ಡ ಸ್ಪೀಕರುಗಳು. ಕಿವಿ ಕೇಳದವರು ವೇದಿಕೆಯ ಎಡಗಡೆ, ಮುಂದಿನ ಸಾಲುಗಳಲ್ಲಿ ಕೂರುತ್ತಿದ್ದರು. ಪಾಸ್ಟರ್ ಬಾಯಲ್ಲಿ ಹೇಳಿದ್ದನ್ನೆಲ್ಲ ಅವನ ಪಕ್ಕದಲ್ಲೇ ನಿಂತು ಟೀಚರ್ ಅವರಿಗೆ ಕೈಯಲ್ಲಿ ಹೇಳುತ್ತಿದ್ದಳು.

ಕಿವುಡು ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಿದ್ದರಿಂದ ಅವಳು ಎಲ್ಲರ ಬಾಯಲ್ಲೂ ಟೀಚರೇ. ಪಾಸ್ಟರ್ ಒಬ್ಬ ಮಾತ್ರ ಅಕ್ಕ ಎನ್ನುತ್ತಿದ್ದ. ಅವನು ಅವಳ ಬೆನ್ನಿಗೆ ಹುಟ್ಟಿದ ತಮ್ಮ. ಅವಳ ಗಂಡ ಕಿಟಕಿ, ಕನ್ನಡಿಗಳಿಗೆ ಗಾಜು ಕತ್ತರಿಸುವವನು, ಹುಟ್ಟಿನಿಂದ ಕಿವುಡ. ಅಕ್ಕನ ಮದುವೆಯಾದ ಹೊಸತರಲ್ಲಿ ಭಾವನ ಜೊತೆ ಹರಟೆ ಹೊಡೆಯಲಿಕ್ಕೆಂದೇ ತಮ್ಮ ಸನ್ನೆ ಕಲಿತಿದ್ದ. ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರೆ ತಟ್ಟೆಯಲ್ಲಿದ್ದದ್ದು ತಣ್ಣಗಾಗುತ್ತಿತ್ತು; ಇಬ್ಬರ ಕೈಗೂ ಮಾತಿನಿಂದ ಬಿಡುವಿರುತ್ತಿರಲಿಲ್ಲ. ಮುಂದೆ ಸಭೆ ಶುರುವಾದಾಗ ಎಡಗಡೆಯ ಸಾಲುಗಳಿಗೆ ತಾನೇ ಕುರ್ಚಿ ಹೊತ್ತು ತಂದು ಹಾಕಿದವನೂ ಅವನೇ.

ಸಭೆ ಬೆಳೆಯಿತು. ಹೊಸ ಕಟ್ಟಡದ ಮಾತು ಎದ್ದಿತು. ಬೇರೆ ಸಭೆಗಳ ಪಾಸ್ಟರುಗಳು ತಮ್ಮಲ್ಲಿ ಕುಂಟ ನಡೆದ, ರೋಗಿ ಎದ್ದ ಎಂದು ಹೇಳಿಕೊಳ್ಳುವಾಗ, ಯಾರೋ ಒಬ್ಬರು ನಗುತ್ತಲೇ ಇವನಿಗೆ ಚುಚ್ಚಿದರು: "ನಿಮ್ಮಲ್ಲಿ ಮುಂದಿನ ಸಾಲೇ ವರ್ಷಗಟ್ಟಲೆ ಹಾಗೇ ಇದೆಯಲ್ಲ." ಅದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅವನು ಊರಾಚೆಯ ಗುಡ್ಡದ ಮೇಲಿದ್ದ ಪ್ರಾರ್ಥನಾಮನೆಗೆ ಹೋಗಿ ಒಬ್ಬನೇ ಉಪವಾಸ ಕೂತ.

ಇಳಿದು ಬಂದವನು ನೇರ ಅಕ್ಕನ ಅಡುಗೆಮನೆಗೆ ಬಂದ. ಕೆನ್ನೆ ಒಳಗೆ ಹೋಗಿದ್ದವು, ಕಣ್ಣು ಮಾತ್ರ ಉರಿಯುತ್ತಿದ್ದವು.

"ಅಕ್ಕ, ದೇವದೂತ ಬಂದಿದ್ದ."

ಅವಳು ಒಲೆ ಆರಿಸಿ ಎದುರಿಗೆ ಕೂತಳು. "ಏನಂದ?"

"ಇನ್ನು ಈ ಸಭೇಲಿ ಕಿವುಡರು ಇರಕೂಡದು ಅಂದ. ಹೊಸ ಕಟ್ಟಡ ಪ್ರತಿಷ್ಠೆ ಆಗೋ ಹೊತ್ತಿಗೆ ಎಲ್ಲರ ಕಿವೀನೂ ತೆರೆಯುತ್ತೆ. ತೆರೀದೇ ಉಳಿದವರಲ್ಲಿ ಮುಚ್ಚಿಟ್ಟ ಪಾಪ ಇದೆ. ಸನ್ನೇನೂ ನಿಲ್ಲಿಸು ಅಂದ. ಸನ್ನೆ ಸಿಗೋ ತನಕ ಅವರು ನಂಬಲ್ಲ. ನಂಬಿಕೆ ಬರೋದು ಕೇಳೋದ್ರಿಂದ ಅಂತ ತಾನೇ ಬರೆದಿರೋದು?"

"ನಿನ್ನ ಭಾವನಿಗೂ ಇದೇ ಮಾತಾ?"

ಅವನು ನೆಲ ನೋಡಿದ. "ದೂತ ಯಾರ ಹೆಸರೂ ಎತ್ತಲಿಲ್ಲ."

"ನೋಡು, ದೇವರ ಹೆಸರಲ್ಲಿ ಬಂದ ಪ್ರವಾದನೆನ ತಾತ್ಸಾರ ಮಾಡಬೇಡಿ ಅಂತ ಸತ್ಯವೇದದಲ್ಲಿದೆ. ಅದಕ್ಕೇ ನಾನು ನಗ್ತಾ ಇಲ್ಲ. ಆದ್ರೆ ಅದರ ಮಗ್ಗುಲಲ್ಲೇ ಎಲ್ಲಾನೂ ಪರೀಕ್ಷಿಸಿ ಅಂತಾನೂ ಇದೆ. ಬಾ, ಇಬ್ಬರೂ ಸೇರಿ ನೋಡೋಣ."

"ದೇವರು ಹೇಳಿದ್ದನ್ನ ಪರೀಕ್ಷೆ ಮಾಡೋಕೆ ನಾವ್ಯಾರು?"

"ದೇವರೇ ಹೇಳಿದ್ದಾ ಅಂತ ತಿಳ್ಕೊಳ್ಳೋಕೇ ಅಲ್ವೇನೋ ಪರೀಕ್ಷೆ?"

ತಮ್ಮ ಎದ್ದು ನಿಂತ. "ಬರೆದಿರೋದು ಆ ಕಾಲಕ್ಕೆ ಅಕ್ಕ, ಇದು ಈ ಕಾಲಕ್ಕೆ. ಭಾನುವಾರ ನಾನು ಹೇಳ್ತೀನಿ, ನೀನು ಯಾವತ್ತಿನ ಹಾಗೆ ಕೈಯಾಡಿಸು. ತೂಕ ಹಾಕೋದು ನಿನ್ನ ಕೆಲಸ ಅಲ್ಲ."

ಅವನು ಹೋದ ಮೇಲೆ ಗಂಡ ಬಂದ. ತೋಳಿಗೆ ಅಂಟಿದ್ದ ಗಾಜಿನ ಪುಡಿ ತೊಳೆದುಕೊಳ್ಳುತ್ತಿದ್ದವನ ಭುಜ ತಟ್ಟಿ ಅವಳು ಎಲ್ಲವನ್ನೂ ಹೇಳಿದಳು. ಅವನು ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ಅವನ ಮುಖ ಗಟ್ಟಿಯಾಯಿತು.

"ಭಾನುವಾರ ಹೋಗೋದು ಬೇಡ," ಎಂದವು ಅವನ ಕೈಗಳು.

"ಹೋಗಬೇಕು. ನೀನು ನಿನ್ನ ಕುರ್ಚೀಲೇ ಕೂರಬೇಕು," ಎಂದಳು ಅವಳು. ಸನ್ನೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ಎದುರಿನವರತ್ತ ಬೆರಳು ತೋರಿದರೆ ಆಯಿತು.

ಆ ವಾರವೆಲ್ಲ ಶಾಲೆ ಮುಗಿಸಿ ಬಂದವಳೇ ಅವಳು ಸತ್ಯವೇದ ಬಿಚ್ಚುತ್ತಿದ್ದಳು. ತಮ್ಮನ ಮಾತಿಗೆ ಆಧಾರ ಸಿಕ್ಕರೆ ಸಿಗಲಿ ಎಂದೇ ಹುಡುಕಿದಳು. ಯೇಸು ಒಬ್ಬ ಕಿವುಡನ ಕಿವಿ ತೆರೆದದ್ದು ಇತ್ತು. ಅದರಲ್ಲಿ ಅವಳಿಗೆ ಎಂದೂ ಸಂಶಯವಿರಲಿಲ್ಲ. ಆದರೆ ಆತ ಆ ಮನುಷ್ಯನನ್ನು ಜನರಿಂದ ಆಚೆಗೆ ಕರೆದುಕೊಂಡು ಹೋಗಿದ್ದ, ಮೊದಲು ಬೆರಳಿನಿಂದ ಅವನ ಕಿವಿ ಮುಟ್ಟಿದ್ದ; ನಿನ್ನ ಪಾಪ ಯಾವುದು ಎಂದು ಕೇಳಿರಲಿಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಯಾರದೂ ಅಲ್ಲ ಎಂದಿದ್ದ. ಕಿವುಡನನ್ನು ಉಂಟುಮಾಡಿದವನು ನಾನಲ್ಲವೇ ಎಂದು ದೇವರೇ ಮೋಶೆಯನ್ನು ಕೇಳಿದ್ದನು. ಓದುತ್ತ ಹೋದಂತೆ ತಮ್ಮನ ದೂತನಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ.

ಭಾನುವಾರ ಪಾಸ್ಟರ್ ತನ್ನ ದರ್ಶನವನ್ನು ಸಾರಿದ. ಅವಳು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಕೈಯಲ್ಲಿ ಹೇಳಿದಳು. ಎಡಗಡೆಯ ಸಾಲುಗಳಲ್ಲಿ ಕೂತವರಿಗೆ ತಮ್ಮ ಬಗ್ಗೆ ಏನು ಹೇಳುತ್ತಿದ್ದಾರೆಂದು ತಿಳಿಯುವ ಹಕ್ಕಿತ್ತು. ಬಲಗಡೆಯಿಂದ ಆಮೆನ್ ಕೇಳಿಸಿತು. ಎಡಗಡೆ ಯಾರ ಕೈಯೂ ಅಲುಗಲಿಲ್ಲ. ಕೊನೆಗೆ ಬೇಸಿಗೆಯಲ್ಲೂ ಉಣ್ಣೆಯ ಟೋಪಿ ತೆಗೆಯದ ಮುದುಕಿ, ಎಲ್ಲರಿಗೂ ಟೋಪಿ ಅಜ್ಜಿ, ಎದ್ದು ನಿಂತು ಸನ್ನೆ ಮಾಡಿದಳು.

ಟೀಚರ್ ಅದಕ್ಕೆ ದನಿ ಕೊಟ್ಟಳು. "ಅಜ್ಜಿ ಕೇಳ್ತಿದ್ದಾರೆ: ನಾನು ತೊಟ್ಟಿಲಲ್ಲಿದ್ದಾಗ ಜ್ವರ ಬಂದು ಕಿವಿ ಹೋಯ್ತು. ತೊಟ್ಟಿಲಲ್ಲಿ ನಾನು ಮುಚ್ಚಿಟ್ಟ ಪಾಪ ಯಾವುದು?"

"ಅದು ಅವರಿಗೂ ದೇವರಿಗೂ ಬಿಟ್ಟದ್ದು," ಎಂದ ಪಾಸ್ಟರ್.

ಟೀಚರ್ ಅದನ್ನೂ ಅಜ್ಜಿಗೆ ತಿಳಿಸಿದಳು. ಆಮೇಲೆ ವೇದಿಕೆಯ ಮೇಲಿದ್ದ ಇನ್ನೊಂದು ಮೈಕಿನ ಮುಂದೆ ನಿಂತಳು. ಅವಳ ಬಾಯಿ, ಕೈ ಎರಡೂ ಒಟ್ಟಿಗೆ ಮಾತಾಡಿದವು.

"ಇಲ್ಲಿ ತನಕ ಪಾಸ್ಟರ್ ಮಾತು. ಈಗ ಹೇಳೋದು ನನ್ನದು. ನಂಬಿಕೆ ಕೇಳೋದ್ರಿಂದ ಬರುತ್ತೆ ಅಂದ್ರಿ. ಅದರ ಮುಂದಿನ ವಚನ ಓದಿ."

"ಅಕ್ಕ, ಇಳಿ," ಎಂದ ತಮ್ಮ ಮೆಲ್ಲಗೆ.

"ಅಲ್ಲಿ, ಅದನ್ನ ಬರೆದ ಪೌಲ ಒಂದು ಕೀರ್ತನೆಯ ಸಾಲು ಎತ್ತಿಕೊಳ್ತಾನೆ. ಆಕಾಶದ ಬಗ್ಗೆ ಇರೋ ಕೀರ್ತನೆ. ಆಕಾಶಕ್ಕೆ ಮಾತಿಲ್ಲ, ಸ್ವರ ಇಲ್ಲ, ಆದ್ರೂ ಅದರ ಸುದ್ದಿ ಭೂಮಿಯ ಕೊನೆ ತನಕ ಮುಟ್ಟಿದೆ ಅಂತ. ಸದ್ದೇ ಇಲ್ಲದ ಮಾತನ್ನೂ ಪೌಲ ಕೇಳೋದಕ್ಕೇ ಸೇರಿಸಿದ್ದಾನೆ. ನೀವು ಯಾಕೆ ಕಳೀತೀರಿ? ಇನ್ನು ದೇವದೂತನ ವಿಷಯ. ದೇವಾಲಯದಲ್ಲಿ ದೂತನನ್ನ ಕಂಡ ಜಕರೀಯ ಹೊರಗೆ ಬಂದು ಏನು ಮಾಡಿದ? ಬಾಯಿ ಬರದೆ ಕೈಸನ್ನೆ ಮಾಡಿದ."

"ಅದು ಅವನ ಅಪನಂಬಿಕೆಗೆ ಆದ ಶಿಕ್ಷೆ," ಎಂದ ಪಾಸ್ಟರ್ ತಟ್ಟನೆ.

"ಹೌದು. ಆದ್ರೆ ಅವನು ದರ್ಶನ ಕಂಡಿದ್ದಾನೆ ಅಂತ ಜನಕ್ಕೆ ಗೊತ್ತಾಗಿದ್ದೇ ಆ ಸನ್ನೆಯಿಂದ. ಸನ್ನೆ ದೇವರಿಗೆ ಬೇಡವಾಗಿದ್ರೆ ಅವನ ಕೈಯನ್ನೂ ಕಟ್ಟಬಹುದಿತ್ತು. ನೀವು ಕಂಡದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ. ಹೇಳಿದ್ದು ಬರೆದದ್ದಕ್ಕೆ ಹೊಂದಲ್ಲ ಅಂತಿದ್ದೀನಿ. ಪರಲೋಕದಿಂದ ಇಳಿದ ದೂತನೇ ಬೇರೆ ಸುವಾರ್ತೆ ತಂದ್ರೂ..."

ಮೈಕು ಆರಿತು. ಔಷಧಿ ಅಂಗಡಿ ಇಟ್ಟಿದ್ದ ಸಭಾಹಿರಿಯರೊಬ್ಬರು ಸ್ವಿಚ್ಚಿನ ಹತ್ತಿರ ನಿಂತಿದ್ದರು. ಕೀಬೋರ್ಡಿನವನಿಗೆ ಯಾರೋ ಕಣ್ಸನ್ನೆ ಮಾಡಿದರು, ಹಾಡು ಎದ್ದಿತು. ಬಲಗಡೆಯವರಿಗೆ ಟೀಚರ್ ದನಿ ಮುಳುಗಿಹೋಯಿತು. ಎಡಗಡೆಯ ಸಾಲುಗಳಿಗೆ ಏನೂ ವ್ಯತ್ಯಾಸವಾಗಲಿಲ್ಲ. ಅವಳ ಕೈ ನಿಲ್ಲಲಿಲ್ಲ. ಅವನಿಗೂ ಶಾಪ ತಗಲಲಿ ಎಂದು ವಚನವನ್ನು ಮುಗಿಸಿ, ಆಮೇಲೆ ತಮ್ಮನತ್ತ ತಿರುಗಿದಳು. ಅವನಿಗೆ ಸನ್ನೆ ಚೆನ್ನಾಗಿಯೇ ತಿಳಿಯುತ್ತಿತ್ತು.

"ಈಗ ನಿನ್ನ ಸರದಿ," ಎಂದವು ಅವಳ ಕೈಗಳು. "ಇಷ್ಟು ವರ್ಷ ನಿನ್ನ ಮಾತು ನಾನು ಇವರಿಗೆ ಹೇಳಿದೆ. ಇವತ್ತು ನನ್ನ ಮಾತು ನೀನು ಅವರಿಗೆ ಹೇಳು."

ಅವನು ನೋಡಿದ. ಆಮೇಲೆ ಮುಖ ತಿರುಗಿಸಿ ಕೀಬೋರ್ಡಿನವನಿಗೆ, "ಇನ್ನೂ ಗಟ್ಟಿಯಾಗಿ," ಎಂದ.

ಮುಂದಿನ ಭಾನುವಾರ ಅದೇ ಸಭಾಹಿರಿಯರು ಮೆಟ್ಟಿಲ ತುದಿಯಲ್ಲಿ ಅಡ್ಡ ನಿಂತಿದ್ದರು. ಮನುಷ್ಯ ಕೆಟ್ಟವರಲ್ಲ, ಆದರೆ ಶಿಸ್ತು ಎಂದರೆ ಶಿಸ್ತು. "ಟೀಚರ್, ನೀವು ಕ್ಷಮೆ ಕೇಳಿ ಒಳಗೆ ಬನ್ನಿ. ಅಷ್ಟಾದ್ರೆ ಮುಗೀತು."

"ಕೇಳ್ತೀನಿ ಸರ್. ನಾನು ಯಾವ ವಚನಕ್ಕೆ ವಿರುದ್ಧ ಮಾತಾಡಿದೆ ತೋರಿಸಿ, ಇಲ್ಲೇ ಕೇಳ್ತೀನಿ."

ಅವರು ತಮ್ಮ ಸತ್ಯವೇದ ಬಿಚ್ಚಿದರು, ಹಾಳೆ ತಿರುವಿದರು, ಹುಡುಕಿ ಬರುತ್ತೇನೆ ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು. ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಗಂಡ ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತ. ಟೋಪಿ ಅಜ್ಜಿ ಕೂತಳು. ಎಡಗಡೆಯ ಸಾಲುಗಳೆಲ್ಲ ಒಂದೊಂದಾಗಿ ಮೆಟ್ಟಿಲಿಗೆ ಇಳಿದವು. ಟೀಚರ್ ಮೇಲಿನ ಮೆಟ್ಟಿಲಲ್ಲಿ ನಿಂತು, ದೂತನ ಆ ವಚನವಿದ್ದ, ಪೌಲ ಗಲಾತ್ಯದವರಿಗೆ ಬರೆದ ಪತ್ರವನ್ನು ಸನ್ನೆಯಲ್ಲಿ ಓದಿದಳು. ತಡವಾಗಿ ಬಂದವರು ಇವರ ನಡುವೆ ಕಾಲಿಡಲು ಜಾಗ ಹುಡುಕುತ್ತ ಹತ್ತಬೇಕಾಯಿತು. ಏನು ನಡೀತಿದೆ ಇಲ್ಲಿ ಎಂದು ಕೇಳಿದವರಿಗೆ ಅವಳು ವಚನ ತೋರಿಸಿದಳು. ಕೆಲವರು ಓದಿ ಮೇಲೆ ಹೋದರು. ಕೆಲವರು ಓದಿ ಅಲ್ಲೇ ಕೂತರು.

ಹೀಗೆ ವಾರಗಳು ಕಳೆದವು. ಸಭಾಹಿರಿಯರು ಮಾತಿಗೆ ತಪ್ಪದೆ ಪ್ರತಿ ಭಾನುವಾರ ಒಂದು ವಚನ ಹುಡುಕಿ ತರುತ್ತಿದ್ದರು. ಅವಳು ಅದರ ಹಿಂದುಮುಂದು ಓದಿಸಿ ಹಿಂದಕ್ಕೆ ಕೊಡುತ್ತಿದ್ದಳು. ಒಮ್ಮೆ ಅವರು, ಪ್ರೀತಿಯಿಂದ ಸತ್ಯವನ್ನು ಆಡಬೇಕು ಎಂಬ ಮಾತನ್ನು ತೋರಿಸಿ, "ನಿಮ್ಮದು ಸತ್ಯವೇ ಇರಬಹುದು ಟೀಚರ್. ಪ್ರೀತಿ ಇತ್ತಾ?" ಎಂದರು. ಅವಳು ಆ ವಚನವನ್ನು ಇನ್ನೊಮ್ಮೆ ಓದಿದಳು. "ಇದು ಸರಿಯಾಗಿದೆ. ದನಿ ಏರಿಸಿದೆ, ಅದಕ್ಕೆ ಕ್ಷಮಿಸಿ," ಎಂದಳು. ಹಾಗೆಂದು ಮೆಟ್ಟಿಲು ಬಿಟ್ಟು ಏಳಲಿಲ್ಲ.

ಒಂದು ದಿನ ಹಾಡಿನ ನಡುವೆ ತಮ್ಮನೇ ಹೊರಗೆ ಬಂದ. ಒಳಗಿನವರಿಗೆ ತಿಳಿಯಬಾರದೆಂದು ಸನ್ನೆಯಲ್ಲೇ ಗುಟ್ಟು ಹೇಳಿದ. ಆ ಮೆಟ್ಟಿಲ ಮೇಲೆ ಸನ್ನೆಗಿಂತ ದೊಡ್ಡ ಡಂಗುರ ಇಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ.

"ಬೆಳಕು ಕಂಡದ್ದು ನಿಜ, ಅಕ್ಕ. ಹಸಿವೆಯಲ್ಲಿ ತಲೆ ತಿರುಗುತ್ತಿತ್ತು. ಆಮೇಲೆ ಕೇಳಿದ ಮಾತು ದೂತನದೋ ನನ್ನದೋ, ಈಗ ಗೊತ್ತಾಗುತ್ತಿಲ್ಲ."

"ಗೊತ್ತು ಅಂತ ಎಲ್ಲಿ ನಿಂತು ಹೇಳಿದೆಯೋ ಅಲ್ಲೇ ನಿಂತು ಗೊತ್ತಿಲ್ಲ ಅನ್ನು."

"ಜನ ಬಿಟ್ಟು ಹೋಗುತ್ತಾರೆ. ನೀವೆಲ್ಲ ಸುಮ್ಮನೆ ಒಳಗೆ ಬಂದು ಕೂತರೆ, ನಾನು ಆ ಮಾತು ಇನ್ನು ಎತ್ತುವುದಿಲ್ಲ."

"ಆಡಿದ ಮಾತು ಮತ್ತೆ ಎತ್ತದೆ ಇದ್ದ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ. ಇವರನ್ನು ಪಾಪಿಗಳು ಅಂದದ್ದು ಮೈಕಿನಲ್ಲಿ."

ಅವನು ಭಾವನ ಕಡೆ ನೋಡಿದ. ಭಾವ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದ. ಮಾತಿಗೆ ಕೈಯೇ ಬೇಕಾದ ಮನುಷ್ಯ ಹಾಗೆ ಕೂತರೆ ಅದರ ಅರ್ಥ ತಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನು ಒಳಗೆ ಹೋದ. ಆ ದಿನ ಏನೂ ಹೇಳಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಹೇಳಿದ್ದು ಮೆಟ್ಟಿಲಲ್ಲಿ ಕೂರಲು ಜಾಗ ಸಾಲದಾದಾಗ. ಆ ದಿನ ಸಭಾಹಿರಿಯರು ತಾವೇ ಬಾಗಿಲು ತೆರೆದು ಹಿಡಿದುಕೊಂಡರು, ಎಲ್ಲರೂ ಒಳಗೆ ಬಂದು ನಿಂತರು. ಪಾಸ್ಟರ್ ವೇದಿಕೆ ಹತ್ತದೆ ನೆಲದ ಮೇಲೆ ನಿಂತು ಮೊದಲು ಕೈಯಲ್ಲಿ, ಆಮೇಲೆ ಬಾಯಲ್ಲಿ ಹೇಳಿದ: ನಾನು ತಂದ ಮಾತು ಬರೆದ ಮಾತಿನ ಮುಂದೆ ನಿಲ್ಲಲಿಲ್ಲ, ಅದನ್ನು ದೇವರ ಹೆಸರಿನಲ್ಲಿ ಹೇಳಿದೆ, ತಪ್ಪಾಯಿತು. ಒಬ್ಬ ಹೆಂಗಸಿಗೆ ಹೆದರಿದ ಪಾಸ್ಟರ್ ನಮಗೆ ಬೇಡ ಎಂದು ಕೆಲವು ಕುಟುಂಬಗಳು ಆಗಲೇ ಎದ್ದು ಹೋದವು. ಟೀಚರ್ ಅವರನ್ನು ತಡೆಯಲಿಲ್ಲ.

ಟೋಪಿ ಅಜ್ಜಿ ನಿಧಾನವಾಗಿ ಪಾಸ್ಟರ್ ಮುಂದೆ ಬಂದು ನಿಂತಳು. ಕೊನೆಯ ಸನ್ನೆ ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ಹೇಳು ಎಂದಳು. ಅವಳ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅವನು ಇನ್ನೊಂದು ಸಲ ಹೇಳಿದ.