ಸುಣ್ಣದಣ್ಣನ ಹನ್ನೆರಡು ದಿನ

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಮೂರನೇ ಮಹಡಿಯ ಮನೆಯಿಂದ ಸುಣ್ಣದಣ್ಣನ ದೇಹವನ್ನು ಇಳಿಸುತ್ತಿದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಮುರಿದ ಕೈಕಾಲಿಗೆ ಪ್ಲಾಸ್ಟರ್ ಕಟ್ಟಿ ಕಟ್ಟಿ ಕೈ ಸದಾ ಬೆಳ್ಳಗಿರುತ್ತಿದ್ದುದರಿಂದ ಬಂದ ಹೆಸರು ಅದು.

“ಮುಂದಿನ ತುದಿ ನಂಗೆ ಕೊಡಿ,” ಎನ್ನುತ್ತ ಪೇಂಟರೊಬ್ಬ ಕುಂಟುತ್ತಲೇ ನುಗ್ಗಿ ಬಂದ.

ಅದೇ ಆಸ್ಪತ್ರೆಯ ಮೂಳೆ ಡಾಕ್ಟರಮ್ಮ ಅವನ ತೋಳು ಹಿಡಿದಳು. “ನೀನು ಬೇಡಪ್ಪ. ಆ ಕಾಲಿಟ್ಕೊಂಡು ಭಾರ ಹೊರ್ತೀಯಾ?”

“ಈ ಕಾಲು ಉಳಿಸಿದ್ದೇ ಅವರು, ಡಾಕ್ಟ್ರೇ. ನಿಮಗೆ ಗೊತ್ತಿಲ್ದೇ ಇರುತ್ತಾ?”

ಅವಳಿಗೆ ಗೊತ್ತಿತ್ತು.

*

ಆಗ ಅವಳು ಕೆಲಸಕ್ಕೆ ಸೇರಿ ಮೂರೇ ತಿಂಗಳು. ಪೇಂಟರ್ ಎತ್ತರದ ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಸಾರುವೆಯಿಂದ ಬಿದ್ದು ಬಂದಿದ್ದ. ಹಿಮ್ಮಡಿ ನೆಲಕ್ಕೆ ಬಡಿದ ರಭಸಕ್ಕೆ ಮೊಣಕಾಲ ಕೆಳಗಿನ ದಪ್ಪ ಮೂಳೆಯ ಕೆಳತುದಿ, ಪಾದದ ಕೀಲಿನೊಳಗೇ, ಚೂರುಚೂರಾಗಿತ್ತು.

“ಬರೀ ಬಿರುಕಾದ್ರೆ ಒಂದನೇ ಬಗೆ. ಜಾರಿದ್ರೆ ಎರಡನೇದು. ಹೀಗೆ ಪುಡಿಯಾದ್ರೆ ಮೂರನೇದು,” ಎಂದು ದೊಡ್ಡ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. “ಈಗಲೇ ಕೊಯ್ದು ಪ್ಲೇಟ್ ಹಾಕೋಣ.”

ಸುಣ್ಣದಣ್ಣ ಊದಿದ ಕಾಲನ್ನು ಮೆಲ್ಲಗೆ ಮುಟ್ಟಿದ. “ಸಾರ್, ಚರ್ಮ ಬಿಗಿದು ಮಿಂಚ್ತಿದೆ. ಇವತ್ತು ಕೊಯ್ದರೆ ಹೊಲಿಗೆ ಕೂಡಲ್ಲ. ಕೀವಾದ್ರೆ ಕಾಲೇ ಹೋಗುತ್ತೆ.”

“ಡಾಕ್ಟರ್ ನೀನೋ ನಾನೋ?”

ಅವಳ ಬಾಯಿಂದ ಮಾತು ತಾನಾಗಿ ಹೊರಬಿತ್ತು. “ಅವರು ಹೇಳೋದು ಸರಿ ಸಾರ್. ಹೊರಗಿಂದ ಸರಳು ಕೂರಿಸಿ ಮೂಳೆ ಅಲ್ಲಾಡದ ಹಾಗೆ ಹಿಡಿದಿಟ್ಟು, ಊತ ಇಳಿಯೋವರೆಗೂ ಕಾಯೋಣ.”

ದೊಡ್ಡವರು ಇಬ್ಬರನ್ನೂ ದುರುಗುಟ್ಟಿ ನೋಡಿದರು. “ಕಾಯಿರಿ. ಕೆಟ್ಟರೆ ನಿಮ್ಮಿಬ್ಬರ ತಲೆಗೇ.”

ಹನ್ನೊಂದು ದಿನ ಸುಣ್ಣದಣ್ಣ ಬೆಳಗ್ಗೆ ಬಂದವನೇ ಆ ಕಾಲು ನೋಡಿ, ಇನ್ನೂ ಇಲ್ಲವೆಂದು ತಲೆಯಾಡಿಸಿದ. ಹನ್ನೆರಡನೇ ದಿನ, ಐವತ್ತರ ಆ ಮನುಷ್ಯ ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ಆಸ್ಪತ್ರೆಯ ಉದ್ದಕ್ಕೂ ಓಡಿ ಬಂದ.

“ಸುಕ್ಕು ಬಂತು ಡಾಕ್ಟ್ರೇ, ಸುಕ್ಕು. ಊತ ಇಳಿದು ಚರ್ಮ ನಮ್ಮಜ್ಜಿ ಕೆನ್ನೆ ಥರ ಆಗಿದೆ. ಇನ್ನು ಧೈರ್ಯವಾಗಿ ಕೊಯ್ಬಹುದು.”

ದೊಡ್ಡ ಡಾಕ್ಟರು ಬಂದರು, ಬಗ್ಗಿ ನೋಡಿದರು, ನೇರ ಆಪರೇಷನ್‌ಗೆ ಕೈ ತೊಳೆಯಲು ಹೋದರು.

*

ಸ್ಟ್ರೆಚರ್ ಬೀದಿಗಿಳಿಯಿತು. ಅಲ್ಲಿ ನೆರೆದ ಜನರನ್ನು ಕಂಡು ಸುಣ್ಣದಣ್ಣನ ಹೆಂಡತಿ ತಬ್ಬಿಬ್ಬಾದಳು. “ಇವರೆಲ್ಲ ಯಾರಮ್ಮ? ಕೆಲಸದ ವಿಚಾರ ಮನೇಲಿ ಒಂದಿನಾನೂ ಬಾಯಿಬಿಟ್ಟವರಲ್ಲ.”

“ಇವರೆಲ್ಲ ಎದ್ದು ಓಡಾಡ್ತಿರೋದು ಅವರಿಂದ, ಅಕ್ಕ,” ಎಂದಳು ಡಾಕ್ಟರಮ್ಮ.

“ನಂಗೂ ಒಂಚೂರು ಬಿಡ್ರಪ್ಪ,” ಎಂದು ಒಬ್ಬ ಹೆಗಲು ಕೊಟ್ಟ. ಕೋಲು ಪಕ್ಕದವನ ಕೈಗಿತ್ತು ಇನ್ನೊಬ್ಬ ಬಂದ. ಟೈಲರ್ ಹೆಂಗಸೊಬ್ಬಳು ಸೆರಗು ಬಿಗಿದು ಮುನ್ನುಗ್ಗಿದಳು. ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಹೊಂದಲಿಲ್ಲ. ಸ್ಟ್ರೆಚರ್ ಎಡಕ್ಕೂ ಬಲಕ್ಕೂ ತೂಗುತ್ತ ಸಾಗಿತು.

ಮೂಲೆಯಲ್ಲಿ ಶವದ ವ್ಯಾನು ಬಾಗಿಲು ತೆರೆದು ನಿಂತಿತ್ತು. ಅವರು ಅದನ್ನು ದಾಟಿ ನಡೆದೇ ಬಿಟ್ಟರು. ಚಾಲಕ ಒಂದು ಗಳಿಗೆ ನೋಡಿದ. ಆಮೇಲೆ ಬಾಗಿಲು ಮುಚ್ಚಿ, ಖಾಲಿ ವ್ಯಾನನ್ನು ಮೊದಲ ಗೇರಿನಲ್ಲಿ ಅವರ ಹಿಂದೆ ಬಿಟ್ಟ.