ಮೂರನೆಯ ಸಹಿ

ರಾಜಿಪತ್ರದ ಮೇಲೆ ಎರಡು ಗುರುತುಗಳು ಆಗಲೇ ಬಿದ್ದಿದ್ದವು: ಮೂಡಲಗಿಯ ಬಾಳೇಶನ ಅವಸರದ ಸಹಿ, ದಡ್ಡಿಯ ಶೆಟ್ಟೆವ್ವನ ನೀಲಿ ಹೆಬ್ಬೆಟ್ಟು. ವಕೀಲ ಗುರುಪಾದರ ಗುಮಾಸ್ತ ಊರೂರು ತಿರುಗಿ, ಕೊನೆಗೆ ಅದನ್ನು ಗೋಕಾಕದ ಮುರಿಗೆಪ್ಪನ ಕೈಗಿತ್ತು ಹೋಗಿದ್ದ. ಮೂವರೂ ಒಪ್ಪಿದರೆ ಮಾತ್ರ ವಿಮಾನ ಕಂಪನಿ ಪರಿಹಾರ ಕೊಡುತ್ತದೆ. ಒಪ್ಪಿದರೆ ಬೆಳಗಾವಿಯ ಗ್ರಾಹಕರ ಆಯೋಗದಲ್ಲಿರುವ ಪ್ರಕರಣ ಅಲ್ಲಿಗೆ ಮುಗಿಯುತ್ತದೆ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೈದರಾಬಾದಿಗೆ ಏರಬೇಕಿದ್ದ ಆ ವಿಮಾನ ಅಂದು ಏರಲೇ ಇಲ್ಲ. ಏಕೆಂದು ಹೇಳುವವರೂ ಇರಲಿಲ್ಲ. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಸಾಲಿನ ಕುರ್ಚಿಗಳಲ್ಲಿ ದಿನವಿಡೀ ಕಾದು ಪರಿಚಿತರಾದರು. ಮೋಟಾರು ರಿಪೇರಿಯ ಬಾಳೇಶನಿಗೆ ಒಂದು ವ್ಯವಹಾರ ಕೈತಪ್ಪಿತು. ಕುರಿ ಕಾಯುವ ಮನೆತನದ ಶೆಟ್ಟೆವ್ವನಿಗೆ, ಮಿಲಿಟರಿಯ ಅಳಿಯ ಟಿಕೇಟು ಕಳಿಸಿದ್ದರೂ, ಬಸುರಿ ಮಗಳ ಕುಬಸ ತಪ್ಪಿತು. ಮುರಿಗೆಪ್ಪನಿಗೆ ತಪ್ಪಿದ್ದು ದೂರದ ನೆಂಟರ ಗೃಹಪ್ರವೇಶವಷ್ಟೇ. ನಿಜ ಹೇಳಬೇಕೆಂದರೆ, ಯಾರೋ ಕರೆದಿದ್ದಾರೆಂಬ ಸುಖಕ್ಕೇ ಅವನು ಹೊರಟಿದ್ದ. ಹೆಂಡತಿ ಯಮನವ್ವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನೆಗೆ ಕರೆಯುವವರು ವಿರಳವಾಗಿದ್ದರು. ಅರಿವೆ ಅಂಗಡಿಯನ್ನೂ ಅವನು ಮಾರಿಬಿಟ್ಟಿದ್ದ.

ಮೂವರೂ ಸೇರಿ ಹೂಡಿದ ಪ್ರಕರಣವೇನೋ ಆಮೆಯಂತೆ ಸಾಗಿತು. ಆದರೆ ಪ್ರತಿ ತಾರೀಖಿಗೂ ಮೂವರು ಮೂರು ದಿಕ್ಕಿನ ಬಸ್ಸಿನಿಂದ ಇಳಿದು ಆಯೋಗದ ಅಂಗಳದ ಬೇವಿನ ನೆರಳಿನಲ್ಲಿ ಸೇರುತ್ತಿದ್ದರು. ಶೆಟ್ಟೆವ್ವ ಗಂಟು ಬಿಚ್ಚುತ್ತಿದ್ದಳು: ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಒಳಗಿನಿಂದ ಕೂಗಿ ಮುಂದಿನ ತಾರೀಖು ಕೊಟ್ಟಾಗ ಬಾಳೇಶ ಗೊಣಗುತ್ತಿದ್ದ. ಮುರಿಗೆಪ್ಪನೂ ಲೋಕಾರೂಢಿಗೆ ಗೊಣಗಿ, ಒಳಗೊಳಗೆ ಹಗುರಾಗುತ್ತಿದ್ದ.

ಗುಮಾಸ್ತ ಬಂದುಹೋದ ವಾರದೊಳಗೇ ಬಾಳೇಶನ ಫೋನು ಬಂತು.

“ಕಾಕಾ, ಸಹಿ ಆತೇನ್ರಿ?”

“ಅವರು ಕೊಡಾಕತ್ತಿದ್ದು ಕಡಿಮಿ ಐತೋ ಬಾಳೇಶ. ನ್ಯಾಯ ಅಂಬೂದೊಂದು ಇರ್ತೈತಿ.”

“ಆ ನ್ಯಾಯ ಬರೂದ್ರಾಗ ನಾವ ಮೂವರೂ ವಿಮಾನ ಇಲ್ದ ಮ್ಯಾಲ ಹೋಗಿರ್ತೀವ್ರಿ.”

ಮುರಿಗೆಪ್ಪ ನಕ್ಕ. ಫೋನು ಇಟ್ಟ ಮೇಲೆ ಆ ನಗೆಗೆ ಮನೆಯಲ್ಲಿ ಇಳಿಯಲು ಜಾಗವೇ ಸಿಗಲಿಲ್ಲ. ಹೆಬ್ಬೆಟ್ಟು ಒತ್ತಿದ್ದರೂ ಶೆಟ್ಟೆವ್ವನನ್ನು ಒಲಿಸಿದರೆ ಇಬ್ಬರಾದೇವು, ಇಬ್ಬರು ಪಟ್ಟು ಹಿಡಿದರೆ ಹುಡುಗ ಏನು ಮಾಡಿಯಾನು ಎಂದು ಲೆಕ್ಕ ಹಾಕಿ, ಮರುದಿನ ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಅವನು ದಡ್ಡಿಗೆ ಹೋದ.

ಮನೆಯವರೆಲ್ಲ ಕುರಿಗಳ ಹಿಂದೆ ಹೋಗಿದ್ದರು. ಶೆಟ್ಟೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಎರಡೂ ಮೊಣಕಾಲಿಗೆ ಕಾಸಿದ ಎಕ್ಕೆಯ ಎಲೆ ಇಟ್ಟು ಬಟ್ಟೆ ಸುತ್ತಿದ್ದಳು.

“ಬರ್ರಿ ಸಾವ್ಕಾರ್ರ. ದಾರಿ ತಪ್ಪಿ ಬಂದ್ರೇನು?”

“ಇದೇನವ್ವ, ಕಾಲಿಗೆ?”

“ಹಳೇ ಬ್ಯಾನಿ. ತಾರೀಖಿಗೆ ಹೋಗಿ ಬಂದ್ರ ಎಂಟೊಂಬತ್ತು ದಿನಾ ಹಿಂಗ. ಬಸ್ಸಿನ್ಯಾಗ ಕುಂದ್ರಾಕ ಜಾಗಾ ಎಲ್ಲಿ ಸಿಗ್ತೈತಿ?”

“ಒಂದ ಸಲನೂ ಹೇಳಲಿಲ್ಲ ನೀವು.”

“ಹೇಳಿದ್ರ ನೀವೇನ್ ಹೊತ್ಕೊಂಡು ಹೋಗ್ತಿದ್ರಿ?” ಅವಳು ನಕ್ಕಳು. “ಬಾಳೇಶ ಅಂತಾನ, ಕಾಕಾಗ ರೊಕ್ಕ ಕಡಿಮಿ ಅನಸೈತಿ ಅಂತ. ನಿಮಗ ರೊಕ್ಕದ ಆಸಿ ಇಲ್ಲ, ಅದು ನನಗ ಗೊತ್ತೈತಿ. ಮತ್ತ್ಯಾಕ ಜಗ್ಗಾಕತ್ತೀರಿ?”

ನ್ಯಾಯ, ಹಕ್ಕು, ಕಂಪನಿಯ ಸೊಕ್ಕು: ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಆ ಬಟ್ಟೆ ಸುತ್ತಿದ ಮೊಣಕಾಲುಗಳೆದುರು ಹುರುಳಿಲ್ಲದವಾದವು.

ಶೆಟ್ಟೆವ್ವ ಮೊಣಕಾಲಿನ ಬಟ್ಟೆ ಬಿಗಿಮಾಡುತ್ತ ಕೇಳಿದಳು.

“ಮನ್ಯಾಗ ಯಾರ ಜೋಡಿ ಉಣ್ತೀರಿ?”

“ಟೀವಿ ಜೋಡಿ,” ಎಂದ.

ಅವಳು ಈಗ ನಗಲಿಲ್ಲ. ಸಹಿ ಮಾಡೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಹೊರಗೆ ಒಂದು ಮರಿ ತಾಯಿಗಾಗಿ ಒಂದೇ ಸಮನೆ ಒದರುತ್ತಿತ್ತು.

ಮುರಿಗೆಪ್ಪ ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲೆ ಹರಡಿಕೊಂಡ. ವರ್ಷಗಟ್ಟಲೆ ಅಂಗಡಿಯ ರಸೀತಿಗಳ ಮೇಲೆ ಲೀಲಾಜಾಲವಾಗಿ ಓಡಿದ್ದ ಆ ಸಹಿ ಈಗ ಅಕ್ಷರ ಅಕ್ಷರಕ್ಕೂ ತಡೆದು ನಿಂತು ಮುಗಿಯಿತು. ಇನ್ನು ಯಾವ ತಾರೀಖೂ ಇಲ್ಲ. ಇನ್ನೊಬ್ಬರ ಮನೆಗೆ ಕಾರಣವಿಲ್ಲದೆ ಹೇಗೆ ಹೋಗಬೇಕೆಂಬುದನ್ನು ಅವನು ಎಂದೂ ಕಲಿತವನಲ್ಲ. ಅದೆಲ್ಲ ಯಮನವ್ವನಿಗೆ ಬರುತ್ತಿತ್ತು.

ಮುಂದೆಯೂ ಬರಬಹುದೇ ಎಂದು ಕೇಳಲು ಬಾಯಿ ತೆರೆದ. ಬೇರೆಯದೇ ಮಾತು ಬಂತು.

“ಒಂದೀಟು ನೀರು ಸಿಕ್ಕೀತೇನ್ರಿ?”

“ಒಳಗ ಕೊಡದಾಗ ಐತಿ. ತಗೊಂಡು ಕುಡೀರಿ. ನನಗ ಏಳಾಕ ಆಗೂದಿಲ್ಲ.”

ಮುರಿಗೆಪ್ಪ ಹೊಸ್ತಿಲಲ್ಲಿ ತಡೆದ. ಪರರ ಅಡುಗೆಮನೆಗೆ ಅವನು ಕಾಲಿಟ್ಟವನಲ್ಲ; ಹೋದಲ್ಲೆಲ್ಲ ನೀರು ತಂಬಿಗೆಯಲ್ಲಿ ಹೊರಗೇ ಬರುತ್ತಿತ್ತು. ತಲೆ ಬಗ್ಗಿಸಿ ಒಳಗೆ ಹೋದ. ಅರೆಗತ್ತಲಲ್ಲಿ ಒಲೆಯ ಬೂದಿಯ ವಾಸನೆ. ತಡವರಿಸಿ ಕೊಡ ಹುಡುಕಿ, ಮೊಗೆದು ಕುಡಿದ.

“ಸಿಕ್ತೇನ್ರಿ?” ಪಡಸಾಲೆಯಿಂದ ಶೆಟ್ಟೆವ್ವ ಕೂಗಿದಳು. “ಮುಚ್ಚಳಾ ಹಾಕ್ರಿ ಮತ್ತ. ಬೆಕ್ಕು ಐತಿ.”

ಅವನು ಒಳಗಿರುವಾಗ ಹೊರಗಿನ ಕೋಣೆಯಿಂದ ಮನುಷ್ಯರ ದನಿಯೊಂದು ಹೀಗೆ ಕರೆದು ಎಷ್ಟೋ ಕಾಲವಾಗಿತ್ತು.

“ಹಾಕಾಕತ್ತೇನಿ,” ಎಂದ. ಮುಚ್ಚಳ ಹಾಕಿದ ಮೇಲೂ ಕೊಂಚ ಹೊತ್ತು ಅಲ್ಲೇ ನಿಂತ, ಅವಳು ಇನ್ನೇನಾದರೂ ಹೇಳಿಯಾಳೆಂದು.