ಕೊಟ್ರಪ್ಪ ಬೈಕಿನ ಖಾರ ಇಳಿಸಿದ್ದು

ಬೆಳಗಿನ ಆರೂವರೆಗೆ ಕೊಟ್ರಪ್ಪ ಕಿಕ್ ಹೊಡೆದ. ಬೈಕು ತಿರುಗಿ ಒದ್ದಿತು. ಕಿಕ್ಕಿನ ಸರಳು ಹಿಂದಕ್ಕೆ ಚಿಮ್ಮಿದ ಹೊಡೆತಕ್ಕೆ ಬಲಗಾಲಿನ ಎಲುಬು ಸೀಳಿತು. ಸದ್ದು ಕೇಳಿ ಹೆಂಡತಿ ಗದಿಗೆವ್ವ ಅಂಗಳಕ್ಕೆ ಬಂದಾಗ ಬೈಕು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು, ಗಂಡ ನೆಲದ ಮೇಲಿದ್ದ.

ಅದು 1986ರ ರಾಜದೂತ 350. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಪ್ಪ ಪ್ರಾಯದಲ್ಲಿ ಅದರ ಮೇಲೆ ಕೊಲ್ಹಾಪುರದಿಂದ ದಾವಣಗೆರೆಯವರೆಗೆ ರೇಸು ಹೊಡೆದು ಗೆದ್ದವನು. ಗಾಡಿಯನ್ನು ರೇಸಿಗೆ ಹದ ಮಾಡಿಕೊಟ್ಟವನು ರಾಣೆಬೆನ್ನೂರಿನ ಮೆಕ್ಯಾನಿಕ್ ಫಕ್ಕೀರಸಾಬ. ಕಂಪನಿಯ ಸಿಲಿಂಡರು, ಹೆಡ್ಡುಗಳನ್ನು ತೆಗೆದಿಟ್ಟು ಬೇರೆ ಜೋಡಿ ಹಾಕಿದ್ದ. ಸಿಲಿಂಡರಿನೊಳಗಿನ ಗಾಳಿದಾರಿಗಳನ್ನು ಅರ ಹಿಡಿದು ಉಜ್ಜಿ ಅಗಲ ಮಾಡಿದ್ದ. ಹೊಟ್ಟೆ ಉಬ್ಬಿದ ರೇಸ್ ಸೈಲೆನ್ಸರುಗಳನ್ನು ಜೋಡಿಸಿದ್ದ. ಅಂದಿನಿಂದ ಆ ಬೈಕಿಗೆ ನಿಧಾನ ಎಂಬುದೇ ತಿಳಿಯದು. ಸಂತೆ ಗದ್ದಲದಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಬಯಲು ರಸ್ತೆ ಸಿಕ್ಕರೆ ಇದ್ದ ಶಕ್ತಿಯನ್ನೆಲ್ಲ ಒಮ್ಮೆಲೇ ಬಿಟ್ಟು ಮುಂದಿನ ಗಾಲಿ ಎತ್ತುತ್ತಿತ್ತು. ತೂಕ ಇಳಿಸಲೆಂದು ಹಿಂದಿನ ಸೀಟನ್ನೂ ಕಿತ್ತಿದ್ದರು. ಹಾಗಾಗಿ ಮದುವೆಯಾದಾಗಿನಿಂದ ಗದಿಗೆವ್ವ ಆ ಗಾಡಿಯನ್ನು ಒರೆಸಿದ್ದಳು, ಪೂಜೆ ಮಾಡಿದ್ದಳು, ಹತ್ತಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ವಾರ ರಾಣೆಬೆನ್ನೂರಿನಿಂದ ಮೈಲೇಶ ಬಂದ. ಹಳೇ ಬೈಕುಗಳ ಕ್ಲಬ್ಬಿನ ಅಧ್ಯಕ್ಷ. ಸೇಬುಹಣ್ಣಿನ ಚೀಲ ಕಟ್ಟೆಯ ಮೇಲಿಟ್ಟು, ಕಾಕಾ ಇನ್ನು ಗಾಡಿ ಹೊಡೆಯುವುದನ್ನು ಬಿಡಬೇಕು, ಅದನ್ನು ಕ್ಲಬ್ಬಿನ ಕೋಣೆಯಲ್ಲಿ ಇಡೋಣ, ವರ್ಷದ ಕೂಟದ ದಿನ ತಾನೇ ಚಾಲೂ ಮಾಡಿ ಸದ್ದು ಕೇಳಿಸುತ್ತೇನೆ ಎಂದ. ಗಾಡಿಯ ಪಕ್ಕ ಕಾಕಾನಿಗೊಂದು ಕುರ್ಚಿ ಹಾಕಿಸುವುದಾಗಿಯೂ ಹೇಳಿದ.

ಕೊಟ್ರಪ್ಪನಿಗೆ ಕಾಲಿನ ನೋವಿಗಿಂತ ಆ ಕುರ್ಚಿಯ ಮಾತು ಹೆಚ್ಚು ನಾಟಿತು. ಆದರೂ ಅದರಲ್ಲಿ ಅರ್ಧ ನಿಜವಿತ್ತು. ಇನ್ನೊಮ್ಮೆ ಹಾಗೆ ಒದೆಸಿಕೊಂಡರೆ ಕಾಲು ಉಳಿಯದು ಎಂದು ಡಾಕ್ಟರೂ ಹೇಳಿದ್ದರು. ಬೈಕು ಬದಲಾಗಬೇಕು, ಇಲ್ಲವೇ ಅವನು ಕುರ್ಚಿಯಲ್ಲಿ ಕೂರಬೇಕು. ಮರುದಿನ ಬೈಕನ್ನು ಟಂಟಂ ಆಟೋಗೆ ಹೇರಿಸಿ ಫಕ್ಕೀರಸಾಬನ ಗ್ಯಾರೇಜಿಗೆ ಒಯ್ದ.

ರೇಸಿನ ಹದ ತೆಗೆದು ಮೊದಲಿನಂತೆ ಮಾಡಿಕೊಡು ಎಂದರೆ ಫಕ್ಕೀರಸಾಬ ಮೊದಲು ಒಪ್ಪಲಿಲ್ಲ. ತಾನೇ ಉಜ್ಜಿ ತೆಗೆದ ಲೋಹವನ್ನು ಮತ್ತೆ ಹಚ್ಚಲು ಬರುವುದಿಲ್ಲ, ಹಳೇ ಕಂಪನಿ ಸಿಲಿಂಡರು ಇದ್ದರೆ ಮಾತಾಡು ಎಂದ. ಅವು ಎಂದೋ ಗುಜರಿಗೆ ಹೋಗಿರಬೇಕೆಂದು ಕೊಟ್ರಪ್ಪ ಮೋರೆ ಇಳಿಸಿಕೊಂಡು ಮನೆಗೆ ಬಂದ. ಅವು ಹೇಗಿದ್ದವು ಎಂದು ಗದಿಗೆವ್ವ ಕೇಳಿದಳು. ಅವನು ಕೈಯಲ್ಲಿ ಆಕಾರ ಬರೆದು ತೋರಿಸಿದ. ಅವಳು ಅವನನ್ನು ಮಾಳಿಗೆಗೆ ಕರೆದೊಯ್ದಳು.

ಮಾಳಿಗೆಯ ಮೇಲೆ ಮನೆಖರ್ಚಿನ ಮೆಣಸಿನಕಾಯಿ ಒಣಗಲು ಹಾಕಿತ್ತು. ಗಾಳಿಗೆ ಹಾರದಂತೆ ಅದಕ್ಕೆ ಮುಚ್ಚಿದ ತಾಡಪತ್ರಿಯ ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟಿದ್ದಳು: ಎರಡು ಸಿಲಿಂಡರು, ಎರಡು ಹೆಡ್ಡು.

"ಕಲ್ಲಿಗಿಂತ ಇವ ಚೊಲೊ ಅದಾವ್ರಿ, ಉರುಳೂದಿಲ್ಲ" ಎಂದಳು. "ನಾ ಮದಿವ್ಯಾಗಿ ಬಂದ ವರ್ಷದಿಂದ ಇಲ್ಲೇ ಅದಾವು."

ಫಕ್ಕೀರಸಾಬ ಅವನ್ನು ಪೆಟ್ರೋಲಿನಲ್ಲಿ ತೊಳೆದ. ಅವುಗಳ ಹೊರಮೈಯ ಲೋಹದ ರೆಕ್ಕೆಗಳ ಸಂದಿಯಲ್ಲಿ ಸಿಕ್ಕಿದ್ದ ಮೆಣಸಿನ ಪುಡಿಗೆ ದಿನವಿಡೀ ಸೀನಿದ. ಒಳಗಿನ ತುಕ್ಕು ಹೋಗುವಷ್ಟು ಕೊರೆದು ಬೋರ್ ಮಾಡಿಸಲು ಹುಬ್ಬಳ್ಳಿಗೆ ಕಳಿಸಿದ. ಸೀನುತ್ತಲೇ ಅವನ ಮನಸ್ಸು ಕೆಲಸಕ್ಕೆ ಹೊಂದಿಕೊಂಡಿತು. ಕಾರ್ಬ್ಯುರೇಟರಿಗೆ ಪೆಟ್ರೋಲು ಹಾಯುವ ಸಣ್ಣ ಜೆಟ್ಟು ಹಾಕಿದ, ಕಿಕ್ಕು ತಿರುಗಿ ಒದೆಯದಂತೆ ಕಿಡಿ ಹಾರುವ ಹೊತ್ತನ್ನು ಒಂಚೂರು ತಡಮಾಡಿದ. ಉದ್ದನೆಯ ಹಳೇ ಸೈಲೆನ್ಸರು ಹುಡುಕಿ ತಂದ. ಇಂಜಿನ್ನು ಓಡದೆ ನಡೆಯಲಿ ಎಂದು ಹಿಂದಿನ ಗಾಲಿಗೆ ಸಣ್ಣ ಹಲ್ಲುಚಕ್ರ ಕೂಡಿಸಿದ. ಕೊನೆಗೆ ಇಬ್ಬರು ಕೂರುವ ಸೀಟು.

ಸುದ್ದಿ ತಿಳಿದು ಮೈಲೇಶ ಗ್ಯಾರೇಜಿಗೇ ಬಂದ.

"ಹುಲಿ ಹಲ್ಲ ಕಿತ್ತು ಮನ್ಯಾಗ ಕಟ್ಟಿದಂಗಾತ್ರಿ ಕಾಕಾ. ಈ ಗಾಡಿಗೆ ಇನ್ನ ಏನ ಮರ್ಯಾದಿ ಉಳೀತು?"

"ನಮ್ಮೂರ ಮೆಣಸಿನಕಾಯಿ ಖಾರ ಇಲ್ಲಂತ ಯಾವನರ ಹೊಳ್ಳಿ ಕಳಿಸ್ಯಾನೇನೋ? ಬಣ್ಣ ನೋಡಿ ಒಯ್ತಾರ" ಎಂದ ಕೊಟ್ರಪ್ಪ. "ಖಾರ ತಗದೇನಿ. ಬಣ್ಣ ಐತಿ."

ಹಾಗಾದರೆ ಕ್ಲಬ್ಬಿನಲ್ಲಿರುವ ರೇಸು ಗೆದ್ದವರ ಫಲಕದಿಂದ ಕಾಕಾನ ಹೆಸರು ತೆಗೆಯಬೇಕಾಗುತ್ತದೆ, ಗೆದ್ದದ್ದು ಈ ಗಾಡಿಯಲ್ಲ ಎಂದ ಮೈಲೇಶ.

"ಅಳಸು. ಬಳಿಯಾಕ ಬಣ್ಣ ಕಡಿಮಿ ಬಿದ್ರ ಹೇಳಿ ಕಳಸು, ಡಬ್ಬಿ ನಾ ಕೊಡಸ್ತೇನಿ."

ಕೂಟದ ಭಾನುವಾರ ಕೊಟ್ರಪ್ಪನನ್ನು ಯಾರೂ ಕರೆದಿರಲಿಲ್ಲ. ಅವನು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟ. ಕದರಮಂಡಲಗಿಯಲ್ಲಿ ಹನುಮಪ್ಪನ ಗುಡಿಯ ಮುಂದೆ ಗಾಡಿಗೆ ಕಾಯಿ ಒಡೆಸಿ, ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಕೂಟ ನಡೆದಿದ್ದ ಮೈದಾನಕ್ಕೆ ನೇರ ಬಂದ. ಹತ್ತಿರ ಬರುವ ತನಕ ಯಾರಿಗೂ ಅವನ ಬೈಕಿನ ಸದ್ದು ಗುರುತಾಗಲಿಲ್ಲ. ಮೈಲೇಶನ ಕೈಯಲ್ಲಿ ಮೈಕಿತ್ತು.

"ಕೊಟ್ರಪ್ಪ ಕಾಕಾ ಹೊಲಿಗಿ ಮಷೀನ್ ಮ್ಯಾಲ ಬಂದಾರ ನೋಡ್ರಿ."

ಜನ ನಕ್ಕರು. ಗದಿಗೆವ್ವ ಸೆರಗು ಸರಿಮಾಡಿಕೊಂಡು ಕೆಳಗಿಳಿದಳು.

"ಹೊಲಿಗಿ ಮಷೀನ್ ಮ್ಯಾಲ ಇಬ್ಬರು ಕುಂದ್ರಾಕ ಬರೂದಿಲ್ಲೋ ತಮ್ಮಾ" ಎಂದಳು. ಮೈಕು ಹತ್ತಿರವಿದ್ದುದರಿಂದ ಆ ಮಾತು ಮೈದಾನಕ್ಕೆಲ್ಲ ಕೇಳಿತು. ಈ ಸಲ ನಗು ಇನ್ನೂ ಜೋರಾಗಿತ್ತು.

ಮೈಲೇಶ ಸೋಲಲಿಲ್ಲ. ಗಾಡಿ ಬಂದ್ ಮಾಡಿ ಎಲ್ಲರೆದುರು ಒಂದು ಕಿಕ್ ಹೊಡೆಯಿರಿ, ಕಾಲು ಹೇಗಿದೆ ನೋಡೋಣ ಎಂದ. ಕೊಟ್ರಪ್ಪ ಬಂದ್ ಮಾಡಿದ. ಇದೇ ಕಾಲು ಸೀಳಿದ್ದು ಅವನಿಗೆ ಮರೆತಿರಲಿಲ್ಲ. ಮನೆಯಂಗಳದಲ್ಲಿ ದಿನಾ ಹೊಡೆದ ಕಿಕ್ಕೇ ಬೇರೆ, ಇಷ್ಟು ಕಣ್ಣುಗಳ ಮುಂದೆ ಹೊಡೆಯುವುದೇ ಬೇರೆ. ಗದಿಗೆವ್ವ ಅವನ ಕಡೆ ನೋಡಲಿಲ್ಲ, ಹಿಂದಿನ ಸೀಟನ್ನು ಅಂಗೈಯಿಂದ ಒರೆಸುತ್ತ ನಿಂತಳು, ಇನ್ನೇನು ಹತ್ತುವವಳಂತೆ. ಅವನು ಸರಳನ್ನು ಒತ್ತಿ ತುಳಿದ. ಇಂಜಿನ್ನು ಒಂದೇ ತುಳಿತಕ್ಕೆ ಎದ್ದು, ಒಂದೇ ಸಮ ಗುನುಗತೊಡಗಿತು. ಒದೆಯಲಿಲ್ಲ.

ಅವನು ಆಕ್ಸಿಲರೇಟರ್ ತಿರುವಿ ಗರ್ಜನೆ ಕೇಳಿಸಲಿಲ್ಲ. ಮೈಲೇಶ ಅಂದು ಹೇಳಿದ್ದಂಥ ಒಂದು ಕುರ್ಚಿ ವೇದಿಕೆಯ ಪಕ್ಕದಲ್ಲಿ ಖಾಲಿಯಿತ್ತು. ಅದನ್ನು ಸುತ್ತಿ ಗಾಡಿ ತಿರುಗಿಸಿಕೊಂಡು, ಹೆಂಡತಿ ಹತ್ತಿದ ಮೇಲೆ ಗೇಟಿನ ಕಡೆ ಹೊರಟ. ಎಲ್ಲಿಗೆ ಎಂದು ಯಾರೋ ಕೂಗಿದರು. "ಗಳಗನಾಥದ ಗುಡಿಗೆ, ಸಾವಕಾಶ" ಎಂದಳು ಗದಿಗೆವ್ವ.

ಸೋಮವಾರ ಕ್ಲಬ್ಬಿನ ಫಲಕದಲ್ಲಿ ಕೊಟ್ರಪ್ಪನ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದರು. ಬುಧವಾರ ಗಂಡ ಹೆಂಡತಿ ಅದೇ ಬೈಕಿನ ಮೇಲೆ ಹಾವೇರಿಗೆ ಹೋಗಿ, ಹಿಂದಿನ ಸೀಟಿಗೆ ಕೈಹಿಡಿ ಹಾಕಿಸಿಕೊಂಡು ಬಂದರು.